ವರ ರಕ್ತ ಕುಡಿಯುತ್ತಾನೆ, ಉಳಿದಂತೆ ಒಳ್ಳೆಯವನು

ಚೆನ್ನೈ ಅಂಚಿನ ತಾಂಬರಂನಲ್ಲಿ ಮನೆ ಮಾಡಿದವರಿಗೆ ರಕ್ತ ಹೀರುವವರ ಬಗ್ಗೆ ವಿಶೇಷ ಭಯವೇನೂ ಇರುವುದಿಲ್ಲ. ಸಂಜೆ ಆರಕ್ಕೆ ಕಿಟಕಿ ಮುಚ್ಚಲು ಮರೆತರೆ ಸಾಕು, ತಂಡೋಪತಂಡವಾಗಿ ಬರುತ್ತವೆ. ಮಾರ್ಗಳಿಯ ಸಂಗೀತ ಕಛೇರಿ ಕೇಳಬೇಕೆಂದರೆ ನಾವು ಮೈಲಾಪುರದವರೆಗೆ ಹೋಗಬೇಕು. ಈ ಸೊಳ್ಳೆಗಳು ಮನೆಗೇ ಬಂದು, ಕಿವಿಯ ಬುಡದಲ್ಲೇ ಹಾಡಿ, ಸಂಭಾವನೆಯನ್ನೂ ತಾವೇ ತೆಗೆದುಕೊಂಡು ಹೋಗುತ್ತವೆ. ಹೀಗಾಗಿ 2009ರ ಸುಮಾರಿಗೆ ಅಮೆರಿಕದ ರಕ್ತಪಿಶಾಚಿಯೊಬ್ಬ ನಾಲ್ಕು ದಪ್ಪ ಪುಸ್ತಕಗಳಾಗಿ ನಮ್ಮ ಮನೆ ಹೊಕ್ಕಾಗ ಯಾರೂ ಬೆಚ್ಚಲಿಲ್ಲ. ಬೆಚ್ಚಿದ್ದು ಆಮೇಲೆ, ಮನೆಯ ದೊಡ್ಡವರೆಲ್ಲ ಸೇರಿ ಅವನನ್ನು ವರನೆಂದು ಪರಿಶೀಲಿಸಲು ಕೂತಾಗ.

ತಂದವಳು ಮಗಳು. ಆಗ ಹತ್ತನೇ ಕ್ಲಾಸು. ಅವಳ ಕ್ಲಾಸಿನ ಹುಡುಗಿಯರೆಲ್ಲ ಎರಡು ಪಕ್ಷವಾಗಿ ಒಡೆದಿದ್ದರು. ತಮಿಳುನಾಡಿಗೆ ಅದೇನೂ ಹೊಸದಲ್ಲ, ಆದರೆ ಈ ಸಲದ ಪಕ್ಷಗಳು ಎಡ್ವರ್ಡ್‌ನದು ಮತ್ತು ಜೇಕಬ್‌ನದು. ಸ್ಟೆಫನಿ ಮೇಯರ್ ಬರೆದ ‘ಟ್ವಿಲೈಟ್’ 2005ರಲ್ಲಿ ಬಂದಿತ್ತು. ಅದರ ಹಿಂದೆಯೇ ವರ್ಷಕ್ಕೊಂದರಂತೆ ‘ನ್ಯೂ ಮೂನ್’, ‘ಎಕ್ಲಿಪ್ಸ್’, ‘ಬ್ರೇಕಿಂಗ್ ಡಾನ್’. 2008ರ ಕೊನೆಯಲ್ಲಿ ಸಿನಿಮಾ ಬಂದ ಮೇಲೆ ಶಾಲೆಯ ಹುಡುಗಿಯರನ್ನು ಹಿಡಿಯುವವರೇ ಇರಲಿಲ್ಲ. ಕಥೆ ಇಷ್ಟೇ: ಬೆಲ್ಲಾ ಎಂಬ ಹದಿನೇಳರ ಹುಡುಗಿ, ಸದಾ ಮಳೆ ಹಿಡಿದಿರುವ ಫೋರ್ಕ್ಸ್ ಎಂಬ ಸಣ್ಣ ಊರಿಗೆ, ಅಲ್ಲಿನ ಪೊಲೀಸ್ ಮುಖ್ಯಸ್ಥನಾದ ಅಪ್ಪ ಚಾರ್ಲಿಯ ಮನೆಗೆ ಬರುತ್ತಾಳೆ. ಶಾಲೆಯಲ್ಲಿ ಎಡ್ವರ್ಡ್ ಕಲನ್ ಎಂಬ ಬಿಳಿಚು ಸುಂದರಾಂಗ. ಅವನು ರಕ್ತಪಿಶಾಚಿ. ಇಬ್ಬರಿಗೂ ಪ್ರೇಮ. ಮಿಕ್ಕ ಪುಟಗಳಲ್ಲಿ ಬಹುಪಾಲು ನಿಟ್ಟುಸಿರು.

ಮೇಯರ್ ಆಗ ಅರಿಜೋನಾದ ಸುಡುಬಿಸಿಲಿನಲ್ಲಿ ಮೂರು ಪುಟ್ಟ ಗಂಡುಮಕ್ಕಳನ್ನು ಸಾಕುತ್ತಿದ್ದ ಗೃಹಿಣಿ. 2003ರ ಜೂನ್‌ನಲ್ಲಿ ಬಿದ್ದ ಒಂದು ಕನಸನ್ನು ಬರೆದಿಡಲು ಕೂತು, ಬಿಸಿಲು ಬೀಳದ ಊರು ಬೇಕೆಂದು ಗೂಗಲ್‌ನಲ್ಲಿ ಹುಡುಕಿ ಫೋರ್ಕ್ಸ್ ಆರಿಸಿಕೊಂಡರು. ಕನ್ನಡಿಗಳಾದ ನನ್ನ ಮೊದಲ ತಕರಾರು ಇಲ್ಲೇ. ಫೋರ್ಕ್ಸ್‌ನಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾದರೆ ನಮ್ಮ ಆಗುಂಬೆಯಲ್ಲಿ 7000 ದಾಟುತ್ತದೆ. ಬಿಸಿಲು ತಪ್ಪಿಸಿಕೊಳ್ಳುವುದೇ ಗುರಿಯಾದರೆ ಎಡ್ವರ್ಡ್‌ನ ಪಿಶಾಚಿ ಕುಟುಂಬ ಆಗುಂಬೆಯಲ್ಲೊಂದು ಅಡಿಕೆ ತೋಟ ಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಹಾಗೆ ನೋಡಿದರೆ ತಾಂಬರಂಗೂ ಬರಬಹುದಿತ್ತು. ಮೇಯರ್ ಅವರ ಪಿಶಾಚಿಗಳು ಬಿಸಿಲಿಗೆ ಬೂದಿಯಾಗುವುದಿಲ್ಲ, ಮೈಯೆಲ್ಲ ಥಳಥಳ ಹೊಳೆಯುತ್ತದೆ, ಜನರಿಗೆ ಗುಟ್ಟು ತಿಳಿದುಬಿಡುತ್ತದೆ ಎಂಬುದಷ್ಟೇ ಅವಕ್ಕೆ ಭಯ. ಮೇ ತಿಂಗಳ ಮಧ್ಯಾಹ್ನ ಜಿಎಸ್‌ಟಿ ರಸ್ತೆಯಲ್ಲಿ ಹೊಳೆಯದೆ ನಡೆಯುವವರು ಯಾರಿದ್ದಾರೆ? ಎಡ್ವರ್ಡ್‌ನನ್ನು ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ.

ಮೊದಲ ಭಾಗವನ್ನು ನಾನು ಓದಿದ್ದು ಲೋಕಲ್ ರೈಲಿನಲ್ಲಿ. ಬೀಚ್ ಸ್ಟೇಷನ್ನಿಗೂ ತಾಂಬರಂಗೂ 1931ರಿಂದ ಕರೆಂಟು ರೈಲು ಓಡುತ್ತಿದೆ, ಮತ್ತು ತಾಂಬರಂನಿಂದಲೇ ಹೊರಡುವ ಗಾಡಿ ಹಿಡಿದರೆ ಕೂರಲು ಜಾಗ ಸಿಗುತ್ತದೆ. ಇಷ್ಟು ದೂರ ಮನೆ ಮಾಡಿದವರಿಗೆ ದೇವರು ಕೊಟ್ಟ ಪರಿಹಾರ ಅದು. ಆದರೆ ಕಪ್ಪು ಹೊದಿಕೆಯ ಮೇಲೆ ಎರಡು ಬಿಳಿ ಕೈ, ಕೈಯಲ್ಲೊಂದು ಕೆಂಪು ಸೇಬು ಇರುವ ಆ ಪುಸ್ತಕವನ್ನು ನಲವತ್ತು ದಾಟಿದ ಹೆಂಗಸು ಎತ್ತಿ ಹಿಡಿಯುವುದು ಹೇಗೆ? ಹಳೆಯ ‘ಸುಧಾ’ದ ಹಾಳೆ ಹರಿದು ಬೈಂಡು ಹಾಕಿದೆ. ಕ್ರೋಂಪೇಟೆ ದಾಟುತ್ತಿದ್ದಂತೆ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, ಇಷ್ಟು ಶ್ರದ್ಧೆಯಿಂದ ಓದುತ್ತಿದ್ದೀಯಲ್ಲಮ್ಮಾ, ಸಾಯಿಬಾಬಾ ಚರಿತ್ರೆಯಾ ಎಂದು ತಮಿಳಿನಲ್ಲಿ ಕೇಳಿದರು. ಹೌದೆಂದೂ ಅಲ್ಲವೆಂದೂ ಅರ್ಥವಾಗುವ ಹಾಗೆ ತಲೆಯಾಡಿಸಿದೆ. ನನ್ನಮ್ಮ ಮೈಸೂರಿನಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಭೂಗೋಳದ ಪುಸ್ತಕದೊಳಗಿಟ್ಟು ಅಜ್ಜಿಗೆ ಕಾಣದಂತೆ ಓದಿದವಳು. ನಾನು ಸಾಯಿಸುತೆಯವರನ್ನು ಲೆಕ್ಕದ ಪುಸ್ತಕದೊಳಗಿಟ್ಟು ಅಮ್ಮನಿಗೆ ಕಾಣದಂತೆ ಓದಿದವಳು. ಕದ್ದು ಓದುವ ಈ ವಂಶಪಾರಂಪರ್ಯ ನನ್ನ ಕಾಲಕ್ಕೆ ತಲೆಕೆಳಗಾಗಿ, ಮಗಳ ಪುಸ್ತಕವನ್ನು ಮಗಳಿಗೆ ಕಾಣದಂತೆ ಓದುವ ಸ್ಥಿತಿ ಬಂತು.

ಆ ವರ್ಷಗಳಲ್ಲಿ ಕರೆಂಟು ಹೋಗುವುದು ಮಾಮೂಲು. ಹೋದೊಡನೆ ಮನೆಯ ದೊಡ್ಡವರೆಲ್ಲ ಬೀಸಣಿಗೆ ಹಿಡಿದು ತಾರಸಿಗೆ. ನಮ್ಮತ್ತೆಗೆ ಇಂಗ್ಲಿಷ್ ಬಾರದು, ಆದರೆ ಕಥೆಯ ವಾಸನೆ ಚೆನ್ನಾಗಿ ಹತ್ತುತ್ತದೆ. “ಅದೇನೇ ರಾತ್ರಿಯೆಲ್ಲಾ ದೀಪ ಹಾಕ್ಕೊಂಡು ಓದ್ತೀಯ? ನಮಗೂ ಹೇಳು” ಎಂದರು. ಎದುರು ಮನೆ ಮಾಮಿ ಚಾಪೆ ಹತ್ತಿರ ಎಳೆದುಕೊಂಡರು. ಹೇಳಲು ಶುರುಮಾಡಿದೆ. ಎರಡು ವಾಕ್ಯ ಮುಗಿದಿರಲಿಲ್ಲ, ವಿಚಾರಣೆ ಪ್ರಾರಂಭವಾಯಿತು.

“ಹುಡುಗನಿಗೆ ವಯಸ್ಸೆಷ್ಟು?”

“ಹದಿನೇಳು ಅತ್ತೆ. ಆದ್ರೆ ಹುಟ್ಟಿದ್ದು 1901ರಲ್ಲಿ.”

“ಹಾಗಂದ್ರೆ ಕುವೆಂಪುಗಿಂತ ಮೂರು ವರ್ಷ ದೊಡ್ಡೋನು. ಇನ್ನೂ ಹೈಸ್ಕೂಲಾ?”

ಕತ್ತಲಲ್ಲಿ ನಮ್ಮನೆಯವರ ದನಿ ಬಂತು: “ಎಷ್ಟು ಸಲ ಫೇಲಾಗಿದಾನಂತೆ?”

ಫೇಲಾಗಿಲ್ಲ, ಪ್ರತಿ ಸಲವೂ ಪಾಸಾಗುತ್ತಾನೆ, ಯಾರಿಗೂ ಅನುಮಾನ ಬಾರದಿರಲೆಂದು ಊರು ಬದಲಿಸಿ ಮತ್ತೆ ಸೇರುತ್ತಾನೆ ಎಂದು ವಿವರಿಸಿದೆ. “ತಾನಾಗೇ ಹೈಸ್ಕೂಲಿಗೆ ಮತ್ತೆ ಮತ್ತೆ ಹೋಗೋನು ಪಿಶಾಚೀನೇ, ಅನುಮಾನ ಇಲ್ಲ” ಎಂದು ಅವರು ತೀರ್ಪು ಕೊಟ್ಟರು. ಚಂದಮಾಮ ಓದಿ ಬೆಳೆದ ಮನುಷ್ಯ. ವಡಪಳನಿಯಲ್ಲಿ ಅಚ್ಚಾಗಿ ಕರ್ನಾಟಕದ ಮನೆಮನೆಗೆ ಬರುತ್ತಿದ್ದ ಆ ಪತ್ರಿಕೆಯ ಬೇತಾಳ ಹೆಗಲೇರಿದರೂ ಒಂದು ಕಥೆ ಹೇಳುತ್ತಿತ್ತು, ಕೊನೆಗೊಂದು ಧರ್ಮಸೂಕ್ಷ್ಮದ ಪ್ರಶ್ನೆ ಕೇಳುತ್ತಿತ್ತು. ಪ್ರಶ್ನೆಯನ್ನೇ ಕೇಳದ ಪಿಶಾಚಿ ಅವರ ಪ್ರಕಾರ ಶುದ್ಧ ಸೋಮಾರಿ.

“ಕೆಲಸ ಏನು?” ಅತ್ತೆ ಮುಂದುವರಿಸಿದರು.

“ಕೆಲಸ ಅಂತಿಲ್ಲ. ವೋಲ್ವೊ ಓಡಿಸ್ತಾನೆ.”

ಅತ್ತೆಯ ದನಿ ಹಿಗ್ಗಿತು. “ಹೌದಾ? ಯಾವ ಡಿಪೋ? ಪರ್ಮನೆಂಟಾ?”

ಮೈಸೂರಿಗೂ ಬೆಂಗಳೂರಿಗೂ ಐರಾವತದಲ್ಲಿ ಓಡಾಡಿದವರಿಗೆ ವೋಲ್ವೊ ಎಂದರೆ ಹೊಸಕೋಟೆಯಲ್ಲಿ ತಯಾರಾಗುವ ಬಸ್ಸೇ ಹೊರತು ಬೇರೇನೂ ಅಲ್ಲ. ಇದು ಸ್ವಂತದ ಕಾರು ಎಂದು ತಿಳಿದಾಗ ಅತ್ತೆ ಕುಗ್ಗಿದರು. ಕೆಎಸ್‌ಆರ್‌ಟಿಸಿಯ ಪಿಂಚಣಿ ಕೈತಪ್ಪಿತಲ್ಲ!

ಆಹಾರದ ಪ್ರಶ್ನೆ ಬಂದಾಗ ನಾನೇ ಸ್ವಲ್ಪ ತಡವರಿಸಿದೆ. ಕಲನ್ ಮನೆಯವರು ಮನುಷ್ಯರ ರಕ್ತ ಮುಟ್ಟುವುದಿಲ್ಲ. ಕಾಡಿಗೆ ಹೋಗಿ ಜಿಂಕೆ, ಕರಡಿ, ಪೂಮಾ ಹಿಡಿದು ಅದರ ರಕ್ತ ಕುಡಿಯುತ್ತಾರೆ, ಆ ಕಾರಣಕ್ಕೆ ತಮ್ಮನ್ನು ತಾವು ಸಸ್ಯಾಹಾರಿಗಳೆಂದು ತಮಾಷೆಯಾಗಿ ಕರೆದುಕೊಳ್ಳುತ್ತಾರೆ. ತಾರಸಿಯಲ್ಲಿ ಬೀಸಣಿಗೆಗಳು ನಿಂತವು. “ಮಾನ್ ರತ್ತಂ ಕುಡಿಚ್ಚುಟ್ಟು ಸೈವಮಾ?” (ಜಿಂಕೆ ರಕ್ತ ಕುಡಿದು ಸಸ್ಯಾಹಾರವಾ?) ಎಂದು ಮಾಮಿ ಉಸಿರು ಬಿಟ್ಟರು. ನಮ್ಮನೆಯವರು ಮಾತ್ರ ವ್ಯಾವಹಾರಿಕವಾಗಿ ಯೋಚಿಸಿದರು. ಇಲ್ಲೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ 365 ಎಕರೆ ಕುರುಚಲು ಕಾಡಿದೆ, ಚುಕ್ಕೆ ಜಿಂಕೆಗಳಿವೆ, ಬಾಡಿಗೆ ಮನೆ ಪಕ್ಕದಲ್ಲೇ ಮಾಡಿದರೆ ಊಟಕ್ಕೆ ಚಿಂತೆಯಿಲ್ಲ. ಮಾರನೇ ಬೆಳಗ್ಗೆ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅಳಿಯನನ್ನು ಮಾವನೇ ಬಂದು ಹಿಡಿಯಬೇಕಾದೀತು, ಅಷ್ಟೇ.

ಅತ್ತೆ ಎಡ್ವರ್ಡ್‌ಗೆ ಒಲಿದದ್ದು ಎಲ್ಲಿ ಎಂದು ಹೇಳಿದರೆ ಮೇಯರ್‌ಗೂ ಆಶ್ಚರ್ಯವಾದೀತು. 1918ರ ಇನ್‌ಫ್ಲುಯೆಂಜಾದಲ್ಲಿ ಶಿಕಾಗೋದ ಆಸ್ಪತ್ರೆಯೊಂದರಲ್ಲಿ ಅಪ್ಪ ಅಮ್ಮ ಇಬ್ಬರೂ ಸತ್ತು, ಇವನೂ ಸಾಯುತ್ತಿದ್ದಾಗ, ಪಿಶಾಚಿಯೇ ಆದ ಡಾಕ್ಟರ್ ಕಾರ್ಲೈಲ್ ಕಚ್ಚಿ ಉಳಿಸಿಕೊಂಡ ಎಂದೆ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಅದೇ ಜ್ವರದಲ್ಲಿ ಅವರ ಅಜ್ಜಿಯ ಇಬ್ಬರು ತಮ್ಮಂದಿರು ಒಂದೇ ವಾರದಲ್ಲಿ ಹೋಗಿದ್ದರಂತೆ. “ತಬ್ಬಲಿ ಹುಡುಗ. ಸಾಕಿದೋನು ಡಾಕ್ಟರು ಅಂತೀಯ. ಮನೆತನ ಒಳ್ಳೇದೇ” ಎಂದರು. ರಕ್ತದ ವಿಷಯ ಅವತ್ತಿನಿಂದ ಹಿಂದೆ ಸರಿಯಿತು.

ಮತ್ತೆ ಮುಂದೆ ಬಂದದ್ದು ಕಿಟಕಿಯ ಪ್ರಸಂಗದಲ್ಲಿ. ಬೆಲ್ಲಾಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ನುಗ್ಗಿ, ಅವಳು ನಿದ್ರೆ ಮಾಡುವುದನ್ನು ನೋಡುತ್ತ ಎಡ್ವರ್ಡ್ ಬೆಳಗಿನವರೆಗೆ ಕೂತಿರುತ್ತಾನೆ. ಮಗಳ ಗೆಳತಿಯರು ಪುಸ್ತಕವನ್ನು ಎದೆಗೊತ್ತಿಕೊಳ್ಳುವ ಜಾಗ ಇದು. ನಮ್ಮ ತಾರಸಿಯಲ್ಲಿ ದೊಂಬಿಯಾಯಿತು. “ಕಿಟಕಿಗೆ ಗ್ರಿಲ್ ಹಾಕಿಸಿಲ್ವಾ ಆ ಪೊಲೀಸಪ್ಪ?” ಎಂದು ಅತ್ತೆ, ಸೊಳ್ಳೆ ಜಾಲರಿಯೂ ಇಲ್ಲವೇ ಎಂದು ಮಾಮಿ. ಒಂದು ಕಾಲದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ದೆವ್ವಕ್ಕೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಚಾರ್ಲಿ ಅದನ್ನು ಕಿಟಕಿಯ ಮೇಲೆ ಬರೆಸಿದ್ದರೂ ಸಾಕಿತ್ತು ಎಂಬುದು ಅತ್ತೆಯ ಅಭಿಪ್ರಾಯ. ಕೊನೆಗೆ ಎಡ್ವರ್ಡ್‌ನ ಮಾನ ಉಳಿಸಿದ್ದು ಮೂರನೇ ಭಾಗ. ಮದುವೆಗೆ ಮೊದಲು ಏನೂ ಕೂಡದು ಎಂದು ಹಟ ಹಿಡಿಯುವವನು ಅವನೇ. ಮಗಳಿಗೆ ಅದು ಹಳೇ ಕಾಲದ ಗೋಳು ಅನ್ನಿಸಿತ್ತು; ಅತ್ತೆಗೆ ಅವನು ಅಂದಿನಿಂದ ಮನೆ ಮಗ.

ಹದಿನೈದರ ಹುಡುಗಿಯ ಕೈಯಲ್ಲಿ ಪ್ರೇಮಕಥೆಯಾಗಿದ್ದದ್ದು ದೊಡ್ಡವರ ಕೈಗೆ ಬಂದರೆ ವರಾನ್ವೇಷಣೆಯಾಗುತ್ತದೆ ಎಂದು ನನಗೆ ಮನದಟ್ಟಾದದ್ದು ಆಗ. ಅವನು ಪಿಶಾಚಿ ಎನ್ನುವುದಕ್ಕೆ ನಮ್ಮವರ ಆಕ್ಷೇಪಣೆ ಬಹಳ ಸೌಮ್ಯವಾಗಿತ್ತು. ದೆವ್ವ ಭೂತಗಳ ಜೊತೆ ಬಾಳಿ ನಮಗೆ ಅಭ್ಯಾಸವಿದೆ. ನಿರುದ್ಯೋಗಿ ಎಂಬುದನ್ನು ಸಹಿಸುವುದು ಕಷ್ಟ.

ಮಾಮಿ ಮೊದಲಿನಿಂದಲೂ ಬೆಲ್ಲಾಳಿಗೆ ಮನಸೋತ ಇನ್ನೊಬ್ಬ ಹುಡುಗ ಜೇಕಬ್‌ನ ಪಕ್ಷ. ತೋಳನಾಗಿ ಬದಲಾಗುವ ಹುಡುಗನಾದರೂ ಬೈಕು ರಿಪೇರಿ ಬರುತ್ತದೆ, ಮೈಯಲ್ಲಿ ಬಿಸಿಯಿದೆ, ಅಪ್ಪನನ್ನು ನೋಡಿಕೊಳ್ಳುತ್ತಾನೆ. ಮಾಮಿ ತಮಿಳಿನ ರಮಣಿಚಂದ್ರನ್ ಕಾದಂಬರಿಗಳನ್ನು ಒಂದೂ ಬಿಡದೆ ಓದಿದವರು, ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ 1950ರಲ್ಲಿ ಧಾರಾವಾಹಿಯಾಗಿ ಶುರುವಾದಾಗಿನಿಂದ ಅದರ ಕುದುರೆ ಸವಾರ ವಂದಿಯತ್ತೇವನ್ ಮೇಲೆ ಮನಸ್ಸಿಟ್ಟ ಮನೆತನದವರು. ಆ ಮನೆಯಲ್ಲಿ ತಾಯಿ, ಮಗಳು, ಸೊಸೆ ಮೂವರೂ ಅದೇ ಯುವಕನ ಅಭಿಮಾನಿಗಳು, ಯಾರಿಗೂ ಯಾರ ಮೇಲೂ ಅಸೂಯೆಯಿಲ್ಲ. ಇಂಥ ಮಾಮಿ ನಾಲ್ಕನೇ ಭಾಗದಲ್ಲಿ ಜೇಕಬ್ ತನ್ನ ಜೀವದ ಜೋಡಿ ಎಂದು ಬೆಲ್ಲಾಳ ಹಸುಗೂಸನ್ನು ಗುರುತಿಸಿದ ಕೂಡಲೇ ಎದ್ದು ನಿಂತು ಸೆರಗು ಕೊಡವಿದರು. ಶಾರದಾ ಕಾಯ್ದೆ 1929ರಲ್ಲೇ ಬಂದಿದೆ, ಗೊತ್ತಿಲ್ಲವೇ ಆ ಲೇಖಕಿಗೆ? ಅಂದೇ ಪಕ್ಷಾಂತರ.

ಮೇಲ್ಮನೆಯ ನಿವೃತ್ತ ಇಂಗ್ಲಿಷ್ ಪ್ರೊಫೆಸರ್ ಈ ಗದ್ದಲಕ್ಕೆ ಸೇರುತ್ತಿರಲಿಲ್ಲ. ಪಿಶಾಚಿ ಎಂದರೆ 1897ರ ಬ್ರಾಮ್ ಸ್ಟೋಕರ್‌ನ ಡ್ರಾಕುಲಾ. ಟ್ರಾನ್ಸಿಲ್ವೇನಿಯಾದಿಂದ ಹೊರಡುವಾಗ ಮಲಗಲು ತನ್ನ ನೆಲದ ಮಣ್ಣನ್ನೇ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹಡಗೇರಿದ ಗಂಭೀರ ವ್ಯಕ್ತಿ, ಹೋಮ್‌ವರ್ಕ್ ಮಾಡುವವನಲ್ಲ ಎನ್ನುತ್ತಿದ್ದರು. ಆದರೂ ತಿರಸ್ಕರಿಸುವ ಮುನ್ನ ಓದಬೇಕಲ್ಲ ಎಂಬ ನ್ಯಾಯಬುದ್ಧಿಯಿಂದ ನಾಲ್ಕನ್ನೂ ಒಯ್ದರು. ವಾಪಸು ಬಂದ ಪುಸ್ತಕಗಳ ಅಂಚಿನ ತುಂಬ ಪೆನ್ಸಿಲ್ ಗುರುತು. ಅನವಶ್ಯಕ ವಿಶೇಷಣಗಳಿಗೆಲ್ಲ ಅಡ್ಡಗೆರೆ, ಪುನರುಕ್ತಿಗೆ ಪ್ರಶ್ನೆಚಿಹ್ನೆ. ಮಗಳು ಅಳುವುದೊಂದೇ ಬಾಕಿ. ನಾನು ಕುತೂಹಲಕ್ಕೆ ಪುಟ ತಿರುವಿ ನೋಡಿದೆ. ‘ಎಕ್ಲಿಪ್ಸ್’ನ ನಡುವೆ ಎಲ್ಲೋ ಪೆನ್ಸಿಲ್ ನಿಂತುಹೋಗಿತ್ತು. ಕೊನೆಯ ಪುಟದವರೆಗೂ ಒಂದು ಗೆರೆಯಿಲ್ಲ. ಭಾಷೆ ಅಲ್ಲಿಂದಾಚೆಗೆ ಸುಧಾರಿಸಿತ್ತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಪ್ರೊಫೆಸರರಿಗೆ ದೊಡ್ಡವರ ಬೆಂಬಲವೂ ಇತ್ತು. ಭಯಾನಕ ಕಥೆಗಳ ದೊರೆ ಸ್ಟೀಫನ್ ಕಿಂಗ್ 2009ರಲ್ಲಿ, ಹ್ಯಾರಿ ಪಾಟರ್ ಬರೆದ ರೌಲಿಂಗ್ ಅದ್ಭುತ ಲೇಖಕಿ, ಮೇಯರ್‌ಗೆ ಬರೆಯಲೇ ಬಾರದು ಎಂದು ಮುಲಾಜಿಲ್ಲದೆ ಹೇಳಿದ್ದರು. ಅತ್ತ ಅಮೆರಿಕದ ತಾಯಂದಿರು ‘ಟ್ವಿಲೈಟ್ ಅಮ್ಮಂದಿರು’ ಎಂದು ಗುಂಪು ಕಟ್ಟಿಕೊಂಡು, ಮಕ್ಕಳನ್ನು ಗಂಡನಿಗೊಪ್ಪಿಸಿ ಸಿನಿಮಾಕ್ಕೆ ಹೊರಟಿದ್ದರು. ಲಂಡನ್ನಿನ ಇಬ್ಬರು ಮಕ್ಕಳ ತಾಯಿ ಇ.ಎಲ್. ಜೇಮ್ಸ್ ಇದೇ ಜೋಡಿಯನ್ನಿಟ್ಟುಕೊಂಡು ಬರೆಯಲು ಹೋಗಿ, ಅದು ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಎಂಬ ಮತ್ತೊಂದು ಕೋಲಾಹಲವಾಯಿತು. ಆ ಕಥೆಯನ್ನು ನಾನು ಅತ್ತೆಗೆ ಹೇಳಿಲ್ಲ.

ನನ್ನ ಮಾತು ಕೇಳಿದರೆ, ಮೇಯರ್‌ಗೆ ವಾಕ್ಯ ಕಟ್ಟಲು ಬಾರದು ಎಂಬುದು ಅರ್ಧ ನಿಜ. ಬೆಲ್ಲಾಳಿಗೆ ಎಡ್ವರ್ಡ್‌ನನ್ನು ಬಿಟ್ಟರೆ ಬೇರೆ ಉದ್ಯೋಗವಿಲ್ಲ, ಸಮತಟ್ಟು ನೆಲದಲ್ಲೂ ಎಡವಿ ಬೀಳುತ್ತಾಳೆ. ಅವಳು ಎಲ್ಲಿಗೆ ಹೋಗಬೇಕು, ಯಾರನ್ನು ನೋಡಬಾರದು ಎಂಬುದನ್ನೆಲ್ಲ ಅವನೇ ತೀರ್ಮಾನಿಸುತ್ತಾನೆ. ನನ್ನ ಮಗಳ ಜೊತೆ ಯಾವನಾದರೂ ಹಾಗೆ ನಡೆದುಕೊಂಡರೆ ನಾನು ಠಾಣೆಯ ಮೆಟ್ಟಿಲು ಹತ್ತುತ್ತೇನೆ. ಆದರೆ ಮೊದಲ ಭಾಗದಲ್ಲಿ, ಶಾಲೆಯ ಕ್ಯಾಂಟೀನಿನಲ್ಲಿ ಎಡ್ವರ್ಡ್ ಕೂರುವ ಮೇಜು ಇವತ್ತು ಖಾಲಿಯೋ ತುಂಬಿದೆಯೋ ಎಂದು ಬೆಲ್ಲಾ ದಿನವೂ ಕಣ್ಣು ಹಾಯಿಸುವ ಆ ಕಳವಳ ಇದೆಯಲ್ಲ, ಅದನ್ನು ಒಂದಿಷ್ಟೂ ಗೇಲಿ ಮಾಡದೆ ಬರೆದ ದೊಡ್ಡವರ ಕಾದಂಬರಿ ನಾನು ಈಚೆಗೆ ಓದಿಲ್ಲ. ಅದಕ್ಕಾಗಿ ಮಾಂಬಲಂನಲ್ಲಿ ಇಳಿಯಬೇಕಾದವಳು ಕೋಡಂಬಾಕ್ಕಂವರೆಗೆ ಹೋಗಿದ್ದೂ ಉಂಟು. ಎರಡನೇ ಭಾಗದ ಹೊತ್ತಿಗೆ ಮಾತ್ರ ನನ್ನ ನಿಷ್ಠೆ ಸಂಪೂರ್ಣ ಚಾರ್ಲಿಗೆ ಹೋಗಿತ್ತು. ಮಗಳು ಹೇಳದೆ ಕೇಳದೆ ಇಟಲಿಗೆ ಓಡಿಹೋದಾಗ ಆ ಬಡಪಾಯಿ ರಾತ್ರಿ ಊಟಕ್ಕೆ ಏನು ಮಾಡಿಕೊಂಡ ಎಂದು ಯಾರೂ ಕೇಳುವುದಿಲ್ಲ.

ತಾರಸಿಯಲ್ಲಿ ಇಷ್ಟೆಲ್ಲ ನಡೆಯುತ್ತಿರುವುದು ಮಗಳ ಕಿವಿಗೆ ಬಿತ್ತು. ಅಜ್ಜಿಯ ಬಾಯಲ್ಲಿ “ನಮ್ಮ ಎಡ್ವರ್ಡು” ಎಂದು ಕೇಳಿದ ದಿನವೇ ಅವಳ ಪ್ರೇಮ ಸತ್ತುಹೋಯಿತು. ಗೋಡೆಯ ಪೋಸ್ಟರ್ ಇಳಿಯಿತು, ನಾಲ್ಕೂ ಪುಸ್ತಕ ನನ್ನ ಕಪಾಟಿಗೆ ಬಂದವು. ಯಯಾತಿಗೆ ಯೌವನ ಕೊಟ್ಟ ಪೂರುವಿಗೂ ಬಹುಶಃ ಹೀಗೇ ಬೇಸರವಾಗಿ, ಇಟ್ಟುಕೋ ಎಂದಿರಬೇಕು.

2020ರ ಆಗಸ್ಟಿನಲ್ಲಿ, ಮನೆಯಿಂದ ಯಾರೂ ಹೊರಡದ ದಿನಗಳಲ್ಲಿ, ಅದೇ ಕಥೆಯನ್ನು ಎಡ್ವರ್ಡ್‌ನ ಬಾಯಲ್ಲಿ ಹೇಳುವ ‘ಮಿಡ್‌ನೈಟ್ ಸನ್’ ಬಂತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗಳು ಫೋನು ಮಾಡಿ, “ಅಮ್ಮ, ನಿನಗೋಸ್ಕರ ಆರ್ಡರ್ ಮಾಡಿದೀನಿ, ಓದಿ ಆದ್ಮೇಲೆ ನನಗೆ ಕಳ್ಸು. ಕವರ್ ಹಾಕಿ ಕಳ್ಸು” ಎಂದಳು. ಅವಳಿಗೂ ಆಗ ಮೂವತ್ತು ಹತ್ತಿರವಾಗುತ್ತಿತ್ತು.

ನಿಮ್ಮ ಮನೆಯ ಹುಡುಗಿ ಇಂಥದ್ದೊಂದು ಓದುತ್ತಿದ್ದರೆ ಕಸಿದುಕೊಳ್ಳಬೇಡಿ, ಉಪದ್ವ್ಯಾಪದ ಭಾಷಣವನ್ನೂ ಮಾಡಬೇಡಿ. ಮುಗಿಸಿದ ಮೇಲೆ ಕೇಳಿ ತೆಗೆದುಕೊಳ್ಳಿ. ಮೊದಲ ಭಾಗ ಓದಲೇಬೇಕು, ಎರಡನೆಯದನ್ನು ಹಾರಿಸಿದರೆ ನಷ್ಟವಿಲ್ಲ, ಮೂರನೆಯದು ಪರವಾಗಿಲ್ಲ. ನಾಲ್ಕನೆಯದರಲ್ಲಿ ಹೆರಿಗೆಯ ಅಧ್ಯಾಯವೊಂದಿದೆ. ಅದನ್ನು ದಯವಿಟ್ಟು ಊಟಕ್ಕೆ ಮೊದಲು ಓದಬೇಡಿ, ಊಟವಾದ ಮೇಲಂತೂ ಖಂಡಿತ ಬೇಡ.