ಒಗ್ಗರಣೆ ಮೊದಲೋ, ಕೂಗು ಮೊದಲೋ

ಊಟಕ್ಕೆ ಕೂಗಿ ಆಮೇಲೆ ಒಗ್ಗರಣೆ ಹಾಕಬೇಕೋ, ಒಗ್ಗರಣೆ ಹಾಕಿ ಆಮೇಲೆ ಕೂಗಬೇಕೋ ಎಂಬುದು ದಿಗ್ಗೇವಾಡಿಯ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. ಸಾರಿಗೆ ಈ ತಕರಾರಿಲ್ಲ, ಆರಿದರೆ ಮತ್ತೆ ಕುದಿಸಬಹುದು. ಎಣಗಾಯಿಗಂತೂ ಇಲ್ಲವೇ ಇಲ್ಲ, ಅದು ಕಾದಷ್ಟೂ ರುಚಿ ಕಟ್ಟಿಕೊಳ್ಳುವ ಸಹನಾಶೀಲ ಪದಾರ್ಥ. ಖಡಕ್ ರೊಟ್ಟಿ ಬೇಕಾದರೆ ವಾರಗಟ್ಟಲೆ ಬುಟ್ಟಿಯಲ್ಲಿ ಕೂತೀತು. ಯಾರಿಗೂ ಕಾಯದಿರುವುದು ಒಂದೇ, ಬಿಸಿ ಒಗ್ಗರಣೆ ಸುರಿದ ಮೆಂತೆ ಪಚಡಿ.

ಮೊಸರಿನ ಪಚಡಿಯಲ್ಲ ನಾನು ಹೇಳುತ್ತಿರುವುದು. ಎಳೆಯ ಮೆಂತೆ ಬಿಡಿಸಿ, ತೊಳೆದು, ಹಳೆಯ ಧೋತರದ ತುಂಡಿನ ಮೇಲೆ ಹರವಿ ನೀರು ಆರಿಸಬೇಕು. ಇಲ್ಲಿ ಅವಸರ ಮಾಡಿದವರ ಮೋರೆಗೇ ಮುಂದೆ ಎಣ್ಣೆ ಹಾರುತ್ತದೆ. ಎಲೆಯನ್ನು ಒರಟಾಗಿ ಹೆಚ್ಚಿ ಉಳ್ಳಾಗಡ್ಡಿ ತಪ್ಪಲು, ಸಣ್ಣಗೆ ಹೆಚ್ಚಿದ ಮುಲ್ಲಂಗಿ, ಎಳೆ ಸೌತೆಕಾಯಿ ಕೂಡಿಸಬೇಕು. ಮೇಲೆ ಒಂದು ಹಿಡಿ ಶೇಂಗಾ ಪುಡಿ, ಒಂದು ಚಮಚ ಗುರೆಳ್ಳ ಹಿಂಡಿ. ಆಮೇಲೆ ಕಬ್ಬಿಣದ ಸೌಟಿನಲ್ಲಿ ಶೇಂಗಾ ಎಣ್ಣೆ ಕಾಸಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ. ಬೆಳ್ಳುಳ್ಳಿಯ ಅಂಚು ಕೆಂಪಾದ ಕ್ಷಣಕ್ಕೆ ಸೊಪ್ಪಿನ ಮೇಲೆ ಸುರಿದು ತಾಟು ಮುಚ್ಚಬೇಕು. ಎಷ್ಟು ಹೊತ್ತು? ನಮ್ಮ ಅತ್ತೆಯವರ ಲೆಕ್ಕದಲ್ಲಿ ಹನ್ನೊಂದು ಸಲ ಓಂ ನಮಃ ಶಿವಾಯ. ಒಂಬತ್ತಕ್ಕೆ ತೆಗೆದರೆ ಎಲೆ ಹಸಿ, ಹದಿನೈದಾದರೆ ಅದು ಪಲ್ಲೆ. ಎಲೆ ಬಾಡಬೇಕು, ಬೇಯಬಾರದು. ಮೊದಲ ದೀಪಾವಳಿಗೆ ಬಂದ ಅಳಿಯ ಮಾವನ ಎದುರು ಕೂತ ಹಾಗೆ ತುಸು ಬಾಗಿರಬೇಕು, ಒರಗಿರಬಾರದು.

ಉಪ್ಪು ಕಟ್ಟಕಡೆಗೆ. ಮೊದಲೇ ಹಾಕಿದರೆ ಅದು ಎಲೆಯೊಳಗಿನ ನೀರನ್ನೆಲ್ಲ ಹೊರಗೆಳೆದು ತಾಟಿನ ತಳದಲ್ಲಿ ಸಣ್ಣ ಕೆರೆ ಕಟ್ಟುತ್ತದೆ. ಎಣ್ಣೆಯ ಕತೆ ಇನ್ನೂ ಮಜಾ. ಎಲೆಯ ಮೈಮೇಲೆ ತೆಳ್ಳಗೆ ಮೇಣ ಇರುತ್ತದೆ. ನೀರು ಬಿದ್ದರೆ ಜಾರಿಸಿಬಿಡುವ ಆ ಮೇಣ ಎಣ್ಣೆಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ, ಬಿಸಿ ಎಣ್ಣೆಯನ್ನಂತೂ ಬಾಗಿಲು ತೆರೆದು ಕರೆಯುತ್ತದೆ. ಹಾಗಾಗಿ ಒಗ್ಗರಣೆ ಬಿದ್ದ ಗಳಿಗೆಯಿಂದ ಎಲೆಯ ಗಡಿಯಾರ ಓಡತೊಡಗುತ್ತದೆ. ಆರಂಭದಲ್ಲಿ ಮೆತ್ತಗೆ, ಘಮಘಮ. ಸ್ವಲ್ಪ ಹೊತ್ತಿಗೆ ಕಪ್ಪಗೆ. ಆಮೇಲೆ ಅದನ್ನು ನೋಡಿದವರು ಯಾರ ಮನೆಯಲ್ಲಿ ನೆಲ ಒರೆಸಿದ ಅರಿವೆ ಎಂದು ಕೇಳಿದರೆ ಸಿಟ್ಟು ಮಾಡಿಕೊಳ್ಳುವಂತಿಲ್ಲ.

ಮೆಂತೆಯನ್ನು ಹೊಗಳಿದರೂ ಪಚಡಿಯ ನಿಜವಾದ ಪಟ್ಟ ಹಕ್ಕರಿಕಿಯದೇ. ಮುರಿದರೆ ಬಿಳಿ ಹಾಲು ಬರುವ, ಕಹಿಯೂ ಅಲ್ಲದ ಸಪ್ಪೆಯೂ ಅಲ್ಲದ ಆ ಸೊಪ್ಪನ್ನು ಯಾರೂ ಬಿತ್ತುವುದಿಲ್ಲ. ಹಿಂಗಾರಿ ಜೋಳದ ಎರೆಹೊಲದಲ್ಲಿ ತಾನೇ ಹುಟ್ಟಿ, ಕಳೆ ತೆಗೆಯುವ ಹೆಣ್ಣುಮಕ್ಕಳ ಉಡಿ ಸೇರುವುದು ಅದರ ಸಂಪ್ರದಾಯ. ಆದರೆ ರಾಯಬಾಗ ತಾಲ್ಲೂಕಿನಲ್ಲಿ ಈಗ ಜೋಳದ ಹೊಲ ಎಲ್ಲಿದೆ? ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆಯ ಕಾಲುವೆ, ನಡುವೆ ಕಬ್ಬು. ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಹುಟ್ಟಿದಂದಿನಿಂದ ನಮ್ಮ ಸೀಮೆಗೆ ಹಿಡಿದ ಸಿಹಿ ಇನ್ನೂ ಇಳಿದಿಲ್ಲ. ಆಳೆತ್ತರದ ಕಬ್ಬಿನ ನೆರಳಲ್ಲಿ ಹಕ್ಕರಿಕಿ ಏಳುವುದಿಲ್ಲ. ಎದ್ದರೂ ಹುಲ್ಲಿಗೆ ಹೊಡೆಯುವ ಎಣ್ಣೆ ಅದನ್ನು ಬಿಡುವುದಿಲ್ಲ, ಆ ಒಗ್ಗರಣೆ ಬಿದ್ದ ಮೇಲೆ ತಿನ್ನುವುದೂ ಬೇಡ.

ಕಡ್ಲಿ ಕುಡಿಯ ಹಣೆಬರಹವೂ ಅಷ್ಟೇ. ಗಿಡ ಗೇಣುದ್ದ ಬಂದಾಗ ತುದಿ ಚಿವುಟಿದರೆ ಕವಲೊಡೆದು ಕಾಯಿ ಹೆಚ್ಚುತ್ತದೆ, ಚಿವುಟಿದ ತುದಿ ನಮ್ಮ ಬುಟ್ಟಿಗೆ. ರೈತನಿಗೂ ಲಾಭ, ಬಾಯಿಗೂ ಲಾಭ ಆಗುವ ಕಳ್ಳತನ ಅದೊಂದೇ ಇರಬೇಕು. ಎಲೆಯ ಮೇಲೆಯೇ ಹುಳಿ ಒಸರುವುದರಿಂದ ಲಿಂಬೆಯೂ ಬೇಡ. ರಾತ್ರಿ ಹೊಲದ ಮೇಲೆ ಪಂಜೆ ಹಾಸಿ, ಬೆಳಗಿನ ಇಬ್ಬನಿಯ ಜೊತೆ ಆ ಹುಳಿಯನ್ನು ಹಿಂಡಿ ಸೀಸೆಯಲ್ಲಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದ ಹಿರಿಯರನ್ನು ನಮ್ಮ ಅತ್ತೆಯವರು ಕಂಡವರು.

ಈಗ ನನಗೆ ಹಕ್ಕರಿಕಿ ಬರುವುದು ಅಥಣಿಯ ಮೂಡಣಕ್ಕಿರುವ ತೆಲಸಂಗದಿಂದ. ಮಳೆ ನಂಬಿ ಬದುಕುವ ಆ ಒಣ ಸೀಮೆಗೆ ಕೊಟ್ಟ ತಂಗಿ ಚಳಿಗಾಲದಲ್ಲಿ ಪರಿಚಯದವರು ಬಂದಾಗೆಲ್ಲ ಒದ್ದೆ ಅರಿವೆಯಲ್ಲಿ ಸುತ್ತಿ ಕಳಿಸುತ್ತಾಳೆ. "ಅಕ್ಕಾ, ನಿಮ್ಮ ಊರಾಗ ನೀರೈತಿ, ರೊಕ್ಕೈತಿ, ತಪ್ಪಲ ಒಂದಿಲ್ಲ ನೋಡ" ಎಂದು ಫೋನಿನಲ್ಲಿ ಅವಳು ನಗುವಾಗ ನೀರಾವರಿ ಸೀಮೆಯ ನನ್ನ ಜಂಬ ಸ್ವಲ್ಪ ಬಾಡುವುದು ನಿಜ.

ಜಗತ್ತಿನಲ್ಲಿ ಈ ಹುಚ್ಚು ನಮಗೊಬ್ಬರಿಗೇ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಿಂದೆ ಜರ್ಮನಿಯ ಕಡೆಯಿಂದ ಹೋಗಿ ನೆಲೆಸಿದ ರೈತರ ಮನೆತನಗಳಿವೆ. ಚಳಿ ಕಳೆದು ಹುಲ್ಲುಗಾವಲಿನಲ್ಲಿ ಡ್ಯಾಂಡೆಲಿಯನ್ ಎಂಬ ಸೊಪ್ಪು ಎದ್ದೊಡನೆ ಅವರು ಅದನ್ನು ಕಿತ್ತು ತಂದು ಬಿಸಿ ಕೊಬ್ಬು, ಹುಳಿ, ಸಕ್ಕರೆ ಕೂಡಿಸಿ ಸುರಿದು ಬಾಡಿಸುತ್ತಾರೆ. ಈಸ್ಟರಿಗೆ ಮುಂಚಿನ ಗುರುವಾರ ಇದನ್ನು ತಿಂದರೆ ವರ್ಷವಿಡೀ ಆರೋಗ್ಯ ಎಂಬ ನಂಬಿಕೆಯೂ ಉಂಟು. ಡ್ಯಾಂಡೆಲಿಯನ್ನಿಗೂ ಮುರಿದರೆ ಹಾಲು ಬರುತ್ತದೆ, ಅದೂ ಬಿತ್ತದೇ ಬರುವ ಕಳೆ, ಹಕ್ಕರಿಕಿಗೆ ಹತ್ತಿರದ ದಾಯಾದಿ. ಇದನ್ನು ಅತ್ತೆಯವರಿಗೆ ಹೇಳಿದೆ. ಕೊಬ್ಬು ಯಾವುದರದು ಎಂದು ಕೇಳಿದರು. ಹಂದಿಯದು ಎಂದೆ. ಅಂದು ರಾತ್ರಿ ಹನ್ನೊಂದರ ಬದಲು ನೂರೆಂಟು ನಮಃ ಶಿವಾಯ ಆಯಿತು, ಪಚಡಿ ಪೂರ್ತಿ ಬೆಂದು ಹೋಯಿತು.

ಇರಲಿ, ವ್ಯಾಜ್ಯಕ್ಕೆ ಬರುತ್ತೇನೆ. ಮೆಂತೆ ಚೆನ್ನಾಗಿ ಬರುವ ಚಳಿಗಾಲವೇ ಕಬ್ಬು ನುರಿಸುವ ಕಾಲ. ಬೀಡ್ ಕಡೆಯಿಂದಲೋ ವಿಜಯಪುರದ ಕಡೆಯಿಂದಲೋ ಬಂದ ಕಬ್ಬು ಕಡಿಯುವ ಗ್ಯಾಂಗು ಯಾವಾಗ ನಮ್ಮ ಹೊಲಕ್ಕೆ ಕಾಲಿಡುತ್ತದೋ ಎಂದು ನಮ್ಮ ಮನೆಯವರ ಒಂದು ಕಿವಿ ಸದಾ ಫೋನಿನ ಮೇಲೆ. ಇನ್ನೊಂದು ಕಿವಿ ತ್ರೀ ಫೇಸ್ ಕರೆಂಟಿನ ಮೇಲೆ. ದಿನಕ್ಕೆ 7 ತಾಸಿನ ಲೆಕ್ಕ, ಅದು ಯಾವ ಪಾಳಿಯಲ್ಲಿ ಬರುತ್ತದೋ ಅದಕ್ಕೆ ತಕ್ಕಂತೆ ಊರಿನ ಗಂಡಸರ ನಿದ್ದೆ, ಊಟ, ಸಿಟ್ಟು. ಮೂರನೆಯ ಕಿವಿ ಇಲ್ಲದಿರುವುದರಿಂದ ನನ್ನ ಕೂಗು ಅವರಿಗೆ ಕೇಳಿಸುವುದಿಲ್ಲ.

"ಏನ್ರೀ, ಬರ್ರಿ ಊಟಕ್ಕ!"

"ಬಂದ್ನಿ, ಬಂದ್ನಿ."

ಉತ್ತರ ಬರುತ್ತದೆ, ಮನುಷ್ಯ ಬರುವುದಿಲ್ಲ. ಈ ಭರವಸೆ ನಂಬಿ ಒಗ್ಗರಣೆ ಹಾಕಿದರೆ ಆಗ ಕೈಕಾಲು ತೊಳೆಯುವುದು ನೆನಪಾಗುತ್ತದೆ. ಅಷ್ಟರಲ್ಲಿ ಬೀದಿಯಲ್ಲಿ ಯಾರೋ, "ಕಾಕಾ, ತ್ರೀ ಫೇಸ್ ಬಂತ ನೋಡ್ರಿ" ಎನ್ನುತ್ತಾರೆ. ಮೋಟಾರ್‌ಸೈಕಲ್ಲಿನ ಸಪ್ಪಳ. ತಾಟಿನ ಕೆಳಗೆ ನನ್ನ ಪಚಡಿ ಕಪ್ಪಗಾಗುತ್ತ ಕೂಡುತ್ತದೆ. ಮೈದುನ ಮನೆಯಲ್ಲೇ ಇರುತ್ತಾನೆ, ಆದರೆ ಅಣ್ಣ ಬರಲಿ ವೈನಿ ಎನ್ನುವ ಸಂಸ್ಕಾರವಂತ. ಇಂಥ ಸಂಸ್ಕಾರ ಪಚಡಿಯ ಶತ್ರು.

ಪಕ್ಕದ ಜೈನರ ಮನೆಯ ಅಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಕೂಗುವ ಮಾತೇ ಇಲ್ಲ, ಸೂರ್ಯನೇ ಕೂಗುತ್ತಾನೆ. ಕಬ್ಬಿರಲಿ, ಕರೆಂಟಿರಲಿ, ಸಂಜೆ ಎಲ್ಲರೂ ತಾಟಿನ ಮುಂದೆ ಹಾಜರು. ಬೆಳ್ಳುಳ್ಳಿ, ಉಳ್ಳಾಗಡ್ಡಿ, ಮುಲ್ಲಂಗಿ ಮೂರೂ ಇಲ್ಲದ, ಬರೀ ಇಂಗಿನ ಒಗ್ಗರಣೆಯ ಅವರ ಮೆಂತೆ ಪಚಡಿ ದಿನಾಲೂ ಸರಿಯಾದ ಹದದಲ್ಲಿ ಬಾಯಿ ಸೇರುತ್ತದೆ. ಚಾತುರ್ಮಾಸದಲ್ಲಿ ಅವರು ಸೊಪ್ಪು ಬಿಡುತ್ತಾರೆ. ಆ ನಾಲ್ಕು ತಿಂಗಳು ಮಾತ್ರ ನನ್ನ ಮನಸ್ಸಿಗೆ ಸಮಾಧಾನ.

ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಚಕ್ಕಡಿಗಳು ಸಾಲುಗಟ್ಟಿ ಬರುವಾಗ ಮಿರಜಿನ ಬೀಗರೂ ನಮ್ಮಲ್ಲಿ ಇಳಿಯುತ್ತಾರೆ. ಇದೇ ಪಚಡಿ ಅವರಿಗೆ ಮೇಥಿ ಘೋಳಾಣಾ. ಅವರ ಮನೆಯಲ್ಲಿ ಕಾಸದ ಹಸಿ ಎಣ್ಣೆಯನ್ನೇ ಹಾಕಿ ಕೈಯಿಂದ ಹೊರಳಿಸುತ್ತಾರಂತೆ. "ಒಗ್ಗರಣಿ ಯಾಕ್ರಿ, ಸುಮ್ಮನ ಸುಡೋದು" ಎಂದು ಬೀಗಿತಿ ಹೇಳಿದಾಗ ಅತ್ತೆಯವರ ಮುಖ ನೋಡಬೇಕಿತ್ತು. ಗಡಿ ವಿವಾದದಲ್ಲಿ ಈ ಕಲಮೂ ಸೇರಬೇಕಿತ್ತು ಎಂದು ನನಗೆ ಅನ್ನಿಸುವುದುಂಟು.

ಕಡೆಗೆ ನಾನೊಂದು ಉಪಾಯ ಹೂಡಿದೆ. ಖಾಲಿ ಸೌಟನ್ನು ಕೆಂಪಗೆ ಕಾಸಿ ನೀರಿನ ಬೋಗುಣಿಗೆ ಅದ್ದಿದರೆ ಚೊರ್ರ್ ಎಂದು ಓಣಿಗೆಲ್ಲ ಕೇಳುವಂಥ ಸಪ್ಪಳ. ಒಗ್ಗರಣೆ ಬಿತ್ತೆಂದು ತಿಳಿದು ಎಲ್ಲರೂ ಓಡಿ ಬಂದು ಕೂತರು. ಆಗ ಶಾಂತವಾಗಿ ನಿಜವಾದ ಎಣ್ಣೆ ಕಾಯಿಸಿದೆ. ಕೆಲವು ದಿನ ಮನೆಯಲ್ಲಿ ಪಚಡಿಯ ಸುವರ್ಣಯುಗ. ಆಮೇಲೆ ಅತ್ತೆಯವರ ಮೂಗು ಎಚ್ಚೆತ್ತಿತು: "ಸಪ್ಪಳ ಬಂತು, ವಾಸನಿ ಎಲ್ಲೈತಿ?" ಮರುದಿನದಿಂದ ಸೌಟಿಗೆ ಎರಡು ಎಸಳು ಬೆಳ್ಳುಳ್ಳಿ ಬಲಿ ಕೊಟ್ಟೆ. ನಮ್ಮ ಮನೆಯವರು ಅದನ್ನೂ ಪತ್ತೆ ಹಚ್ಚಿ ಎರಡನೆಯ ಚೊರ್ರಿಗೆ ಮಾತ್ರ ಏಳತೊಡಗಿದರು. ನಾನು ಸುಳ್ಳು ಚೊರ್ರನ್ನು ಎರಡು ಮಾಡಿದೆ. ಅವರು ಮೂರನೆಯದಕ್ಕೆ ಕಾದರು.

ಸೋತ ಪಚಡಿಯನ್ನು ಚೆಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಬೆಳಿಗ್ಗೆ ಅದಕ್ಕೆ ಜೋಳದ ಹಿಟ್ಟು, ಕಡಲೆ ಹಿಟ್ಟು, ಎಳ್ಳು, ಖಾರ ಕೂಡಿಸಿ ಅತ್ತೆಯವರು ದಪಾಟಿ ತಟ್ಟುತ್ತಾರೆ. ಗಟ್ಟಿ ಮೊಸರು, ಶೇಂಗಾ ಹಿಂಡಿ ಜೊತೆ ನಮ್ಮ ಮನೆಯವರು ಅದನ್ನು ತಿನ್ನುವ ವೇಗ ನೋಡಿ ಮೊನ್ನೆ ನನಗೆ ಅನುಮಾನ ಬಂತು. ರಾತ್ರಿ ತಾಟು ಮುಚ್ಚಿಟ್ಟು ಹೊಸ್ತಿಲಲ್ಲಿ ನಿಂತೆ. ಮೋಟಾರ್‌ಸೈಕಲ್ ಹತ್ತುತ್ತಿದ್ದರು.

"ಇವತ್ತ ತ್ರೀ ಫೇಸ್ ಹಗಲ ಪಾಳಿ ಅಲ್ರಿ?"

"ಹೌದಲ್ಲ," ಎಂದರು, ಗಾಡಿ ಮಾತ್ರ ಇಳಿಯಲಿಲ್ಲ. "ಪಚಡಿ ಎಷ್ಟ ಉಳದೈತಿ? ನಾಳಿಗೆ ನಾಕ ದಪಾಟಿ ಆದಾವ?"