ಕ್ಲಾಕ್ ನಿಲ್ಲಿಸಿ!

ಭಾನುವಾರದ ಚೆಸ್ ಟೂರ್ನಿಗಳಲ್ಲಿ ಆರ್ಬಿಟರ್ ಯಾರೆಂದು ಕೇಳಬೇಕಾಗಿಲ್ಲ. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಏಪ್ರಿಲ್ ಸೆಕೆಯಲ್ಲೂ ಕಪ್ಪು ಕೋಟು ಬಿಚ್ಚದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜುಗಳ ನಡುವೆ ಸುಳಿದಾಡುವವರೇ ಅವರು. ಬೆಳಿಗ್ಗೆ ಮೊಬೈಲ್ ಕುರಿತ ಪ್ರವಚನ ತಪ್ಪುವುದಿಲ್ಲ. 2003ರಲ್ಲಿ ಬಲ್ಗೇರಿಯದ ಪ್ಲೋವ್‌ಡಿವ್‌ನಲ್ಲಿ, ಆಗ ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ (ಫಿಡೆ) ವಿಶ್ವ ಚಾಂಪಿಯನ್ ಆಗಿದ್ದ ಪೊನೊಮರಿಯೊವ್ ಅವರ ಫೋನು ಆಟದ ನಡುವೆ ರಿಂಗಾಗಿ, ಆಟವೇ ಕೈಬಿಟ್ಟುಹೋದ ಕಥೆ ಅದರಲ್ಲಿ ಬರಲೇಬೇಕು. ಆ ವರ್ಷ ಇನ್ನೂ ಹುಟ್ಟಿರದ ಮಕ್ಕಳು ಗಂಭೀರವಾಗಿ ತಲೆಯಾಡಿಸುತ್ತವೆ. ಸರಿಯಾಗಿ ಆ ಹೊತ್ತಿಗೇ ಹಿಂದೆ ನಿಂತ ಯಾರದೋ ಅಪ್ಪನ ಜೇಬು ಹಾಡತೊಡಗುತ್ತದೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ನಿಧಾನ. ಯಾವ ಮಗು ಕೈಯೆತ್ತಿದರೂ ಬಂದು ಆಡುವ ಮೊದಲ ಮಾತು, "ಕ್ಲಾಕ್ ನಿಲ್ಲಿಸಿ." ಎರಡನೆಯದು, "ಒಬ್ಬೊಬ್ಬರಾಗಿ ಹೇಳಿ." ಮೂರನೆಯ ಮಾತು ಬರುವಷ್ಟರಲ್ಲಿ ಹೊರಗೆ ಅಪ್ಪ ಅಮ್ಮಂದಿರ ಎರಡನೇ ಸುತ್ತಿನ ಕಾಫಿ ಮುಗಿದಿರುತ್ತದೆ.

ಒಮ್ಮೆ ಹೀಗಾಯಿತು. ಹುಡುಗನೊಬ್ಬ ಒಂಟೆಯನ್ನು ಮುಟ್ಟಿ, ಎತ್ತಿ, ನಾಲಿಗೆ ಕಚ್ಚಿಕೊಂಡು ಮತ್ತೆ ಅಲ್ಲೇ ಇಟ್ಟು ಕುದುರೆಯನ್ನು ನಡೆಸಿಬಿಟ್ಟ. ಮುಟ್ಟಿದ ಕಾಯನ್ನೇ ನಡೆಸಬೇಕು. ಯುಕೆಜಿ ಮಗುವಿಗೂ ಗೊತ್ತು. ಎದುರಿಗಿದ್ದ ಹುಡುಗಿ ಬೆರಗಾಗಿ ನೋಡಿದಳು, ಯೋಚಿಸಿದಳು, ತನ್ನ ಪಾನ್ ಎತ್ತಿಕೊಂಡಳು. ಆಮೇಲೆ ಅವಳಿಗೆ ನ್ಯಾಯ ನೆನಪಾಯಿತು. ಪಾನ್ ಹಿಡಿದ ಕೈಯನ್ನೇ ಮೇಲೆತ್ತಿದಳು.

"ಕ್ಲಾಕ್ ನಿಲ್ಲಿಸಿ. ಪುಟ್ಟಾ, ಒಂಟೆ ಮುಟ್ಟಿದೆಯಾ?"

"ಹೂಂ, ಸಾರ್."

ಇಲ್ಲಿಗೆ ಮುಗಿಯಬೇಕಿತ್ತು. ಆರ್ಬಿಟರ್ ಹುಡುಗಿಯ ಕಡೆ ತಿರುಗಿದರು. "ನಿನ್ನ ಕೈಯಲ್ಲೇನಮ್ಮಾ?" ಅವಳು ಮುಷ್ಟಿ ಬಿಚ್ಚಿದಳು. ಅಷ್ಟೇ. ಫಿಡೆ ನಿಯಮಾವಳಿಯ 4.8ನೇ ಕಲಮಿನ ಪ್ರಕಾರ, ನಡೆಸುವ ಉದ್ದೇಶದಿಂದ ತಾನೂ ಒಂದು ಕಾಯನ್ನು ಮುಟ್ಟಿದ ಕ್ಷಣಕ್ಕೆ ಎದುರಾಳಿಯ ಟಚ್ ಮೂವ್ ತಪ್ಪಿನ ಬಗ್ಗೆ ದೂರುವ ಹಕ್ಕು ಹೋಗುತ್ತದೆ. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ದೂರುದಾರಳ ಕೇಸು ವಜಾ! ಹಗ್ಗದಾಚೆಯಿಂದ "ಏನ್ ಸಾರ್ ಅನ್ಯಾಯ ಇದು!" ಎಂದು ಕೂಗಿದ ಅಪ್ಪನಿಗೆ ಹಾಲಿನಿಂದಲೇ ಹೊರಗೆ ಹೋಗುವಂತೆ ಸೂಚನೆ ಸಿಕ್ಕಿತು. ಆ ಅಪ್ಪನ ಹೆಸರು ಈ ಲೇಖನದ ತಲೆಬರಹದ ಕೆಳಗೇ ಇರುವುದರಿಂದ ಇಲ್ಲಿ ಬೇಡ.

ಊಟದ ಬಿಡುವಿನಲ್ಲಿ ಜಗಳಕ್ಕೆ ಹೋದವನಿಗೆ ಮೊಸರನ್ನ ಕಲಸುತ್ತಲೇ ಅವರು ಲಿನಾರೆಸ್ ಟೂರ್ನಿಯ ಕಥೆ ಹೇಳಿದರು. 1994. ಹದಿನೇಳರ ಜೂಡಿಟ್ ಪೊಲ್ಗಾರ್ ಎದುರು ಕ್ಯಾಸ್ಪರೋವ್ ಕುದುರೆಯನ್ನು ಸಿ5 ಮನೆಯಲ್ಲಿಟ್ಟು ಬೆರಳು ಬಿಟ್ಟರು. ತಪ್ಪು ಹೊಳೆದು ಮತ್ತೆ ಹಿಡಿದು ಎಫ್8ಕ್ಕೆ ಒಯ್ದರು. ಬೆರಳು ಬಿಟ್ಟದ್ದು ಕಾಲು ಸೆಕೆಂಡು, ವಿಡಿಯೊದಲ್ಲಿ ದಾಖಲಾಗಿದೆ. ಆದರೆ ಪೊಲ್ಗಾರ್ ಆ ಕ್ಷಣಕ್ಕೆ ದೂರಲಿಲ್ಲ. ಆಟ ಮುಂದುವರಿಯಿತು, ಗೆದ್ದದ್ದು ಕ್ಯಾಸ್ಪರೋವ್. "ಅವಳಿಗೇ ಆಗಲಿಲ್ಲ, ನಿಮ್ಮ ಮಗಳಿಗೆಲ್ಲಿಂದ ಕೊಡಿಸಲಿ?" ಎಂದು ಉಪ್ಪಿನಕಾಯಿ ಕೇಳಿದರು.

ನಿಧಾನಕ್ಕೂ ಅವರ ಬಳಿ ಆಧಾರವುಂಟು. 2017ರ ರಿಯಾದ್ ವಿಶ್ವ ಬ್ಲಿಟ್ಜ್‌ನಲ್ಲಿ, ತನ್ನ ರಾಜನಿಗೆ ಬಿದ್ದ ಚೆಕ್ ತಪ್ಪಿಸಿಕೊಳ್ಳದೆ ಇನಾರ್ಕಿಯೆವ್ ತಾನೇ ಕಾರ್ಲ್‌ಸನ್‌ಗೆ ಚೆಕ್ ಕೊಟ್ಟರು. ಕಾರ್ಲ್‌ಸನ್ ರಾಜನನ್ನು ಸರಿಸಿದ್ದೇ ತಡ, ಅದೇ ನಿಯಮಬಾಹಿರ ಎಂದು ಇನಾರ್ಕಿಯೆವ್ ಕ್ಲಾಕ್ ನಿಲ್ಲಿಸಿದರು! ಮೇಜಿನ ಬಳಿಯ ಆರ್ಬಿಟರ್ ಗೆಲುವನ್ನು ಇನಾರ್ಕಿಯೆವ್‌ಗೇ ಕೊಟ್ಟುಬಿಟ್ಟರು. ಮುಖ್ಯ ಆರ್ಬಿಟರ್ ಅದನ್ನು ರದ್ದುಮಾಡಿ, ಅಲ್ಲಿಂದಲೇ ಆಟ ಮುಂದುವರಿಸಿ ಎಂದರು. ಇನಾರ್ಕಿಯೆವ್ ಒಪ್ಪಲಿಲ್ಲ, ಅಂಕ ಕಾರ್ಲ್‌ಸನ್ ಪಾಲಾಯಿತು. ಈ ಕಥೆ ಹೇಳುವಾಗ ನಮ್ಮ ಆರ್ಬಿಟರ್ ಮುಖದಲ್ಲಿ, ಪಕ್ಕದ ಮನೆ ಹುಡುಗ ಫೇಲಾದ ಸುದ್ದಿ ತಂದವರ ಕಳೆ.

ಆದರೂ ಅವರನ್ನು ಪೂರ್ತಿ ದ್ವೇಷಿಸಲು ಆಗುವುದಿಲ್ಲ. ಸಣ್ಣ ಮಕ್ಕಳು ನಡೆ ಆಡಿ ಕ್ಲಾಕ್ ಒತ್ತುವುದನ್ನು ಮರೆಯುತ್ತವೆ. ತನ್ನದೇ ಸಮಯ ಸೋರುತ್ತಿದ್ದರೂ ಮಗು ಫ್ಯಾನ್ ನೋಡುತ್ತಾ ಕೂತಿರುತ್ತದೆ. ಅದನ್ನು ನೆನಪಿಸುವುದು ಆರ್ಬಿಟರ್‌ಗೆ ನಿಷಿದ್ಧ. ನೆನಪಿಸಿದರೆ ಎದುರಿನ ಮಗುವಿಗೆ ಮೋಸ. ಅವರು ಆ ಮೇಜಿನ ಬಳಿ ನಿಲ್ಲುತ್ತಾರೆ, ಗಂಟಲು ಕೆರೆಯುತ್ತದೆ, ಕೆಮ್ಮಿದರೆ ಸೂಚನೆಯಾದೀತೆಂದು ಕೆಮ್ಮನ್ನೂ ನುಂಗಿ ಕಿಟಕಿಯ ಕಡೆ ನಡೆಯುತ್ತಾರೆ. ಒಂದು ಕಾಲಕ್ಕೆ ತಾವೂ ಜಿಲ್ಲಾ ಮಟ್ಟದಲ್ಲಿ ಆಡಿದ್ದವರು. ಈಗ ಭಾನುವಾರವಿಡೀ ನೂರು ಬೋರ್ಡುಗಳ ನಡುವೆ ಇದ್ದು, ಒಂದು ಕಾಯನ್ನೂ ನಡೆಸದೆ ಮನೆಗೆ ಹೋಗುತ್ತಾರೆ.

ಹೋಗುವ ಮುನ್ನ ಕಡೆಯ ಗಲಾಟೆಯೊಂದು ಇದ್ದೇ ಇರುತ್ತದೆ: ಬಹುಮಾನದ್ದು. ಇಬ್ಬರಿಗೆ ಸಮ ಅಂಕ, ಕಪ್ ಒಂದೇ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಬುಕೋಲ್ಜ್ ಅಂಕಣಕ್ಕೆ ಬೆರಳಿಟ್ಟು, ನೀವು ಯಾರ ಮೇಲೆ ಆಡಿದಿರೋ ಅವರೆಲ್ಲರ ಅಂಕ ಕೂಡಿಸಿದರೆ ಇದು ಬರುತ್ತದೆ ಎಂದು ವಿವರಿಸುತ್ತಾರೆ.

"ಅಂದ್ರೆ ನನ್ನ ಮಗ ಸೋಲಿಸಿದವರು ಆಮೇಲೂ ಸೋಲ್ತಾ ಹೋದ್ರು ಅಂತ ಅವನಿಗೆ ಕಪ್ ಇಲ್ವಾ?" ಎನ್ನುತ್ತಾರೆ ಒಬ್ಬ ತಾಯಿ.

"ಹೌದಮ್ಮಾ."

"ಅವರು ಸೋತ್ರೆ ಇವನೇನ್ ಮಾಡ್ಬೇಕಿತ್ತು ಸಾರ್?"

ಅದಕ್ಕೆ ಕಲಮು ಇಲ್ಲ. ಅವರು ಕೋಟು ಬಿಚ್ಚಿ ಕೈಮೇಲೆ ಹಾಕಿಕೊಂಡು, ಆ ಪಟ್ಟಿ ಪ್ರಿಂಟ್ ತೆಗೆದ ಹುಡುಗನನ್ನು ತೋರಿಸುತ್ತಾರೆ.