ಮಾವನ ಸಿಟ್ಟಿನ ನಕಲು

ಬಳ್ಳಾರಿ ಸೀಮೆಯಲ್ಲಿ ಮನುಷ್ಯನ ಸ್ವಭಾವಕ್ಕೆ ಕಾರಣ ಎರಡೇ: ವಂಶ, ಇಲ್ಲವೇ ಬಿಸಿಲು. ಒಬ್ಬ ಮೊಂಡು ಹಿಡಿದರೆ "ಅವರ ತಾತನೂ ಹಂಗ ಇದ್ದ" ಎನ್ನುತ್ತಾರೆ. ತಾತ ಪರಮ ಸಾಧು ಎಂದು ಯಾರಾದರೂ ನೆನಪಿಸಿದರೆ ತಪ್ಪೆಲ್ಲ ಏಪ್ರಿಲ್ ತಿಂಗಳ ತಲೆಗೆ. ಸಿರುಗುಪ್ಪದ ನಮ್ಮ ಸೋದರಮಾವನಿಗೆ ಎರಡೂ ಹೊಂದುವುದಿಲ್ಲ. ಅವರು ಡಿಸೆಂಬರಿನಲ್ಲೂ ಸಿಡುಕುತ್ತಾರೆ. ಅವರಪ್ಪನೋ ಭಜನೆ ಬಿಟ್ಟರೆ ಬಾಯಿ ತೆರೆದವರಲ್ಲ.

ಕುರುಗೋಡಿನ ದೊಡ್ಡ ಬಸವೇಶ್ವರನ ತೇರಿಗೆ ಅಕ್ಕನ ಮನೆಯಲ್ಲಿ ಎಲ್ಲ ಸೇರಿದ್ದಾಗ, ಒಗ್ಗರಣೆ-ಮಿರ್ಚಿ ತಿನ್ನುತ್ತಲೇ ಅಕ್ಕನ ಮಗ ಹೊಸ ಸುದ್ದಿ ತೆಗೆದ. ಮುಂದೊಂದು ದಿನ ಮೆದುಳಿನ ನಕ್ಷೆ ತೆಗೆದು ಮನಸ್ಸನ್ನೇ ಕಂಪ್ಯೂಟರಿಗೆ ಏರಿಸುತ್ತಾರಂತೆ.

"ನನ್ನ ಸಿಟ್ಟೂ ಏರತೈತೇನು?" ಮಾವ ಕೇಳಿದರು.

"ಏರತೈತಿ ತಾತ. ಸಿಟ್ಟು ಇರೋದು ನರಗಳ ಜೋಡಣೆಯಾಗ. ಜೀನ್ ಗೀನ್ ಏನೂ ಬೇಕಾಗಿಲ್ಲ."

"ಬೀಜ ಬಿಟ್ಟು ನೆಲ್ಲು ಬೆಳಿತೀಯಾ? ಬೆಳಿ, ನೋಡಾಣ."

ಹುಡುಗನ ಮಾತು ತೀರ ಹಗುರವಲ್ಲ. ತದ್ರೂಪಿ ಅವಳಿಗಳ ಜೀನುಗಳು ಒಂದೇ, ಸ್ವಭಾವ ಎರಡು. ಮಾವನ ಗದ್ದೆಯೇ ಅವನ ಪರ ಸಾಕ್ಷಿ ಹೇಳುತ್ತದೆ: ಒಂದೇ ಚೀಲದ ಬಿಪಿಟಿ 5204 ಸೋನಾ ಭತ್ತ, ಎಲ್‌ಎಲ್‌ಸಿ ಕಾಲುವೆಯ ಮೇಲಿನ ಗದ್ದೆಯಲ್ಲಿ ಒಂದು ಥರ, ನೀರಿಗೆ ಕಾದು ಕೂರುವ ಕೊನೆಭಾಗದಲ್ಲಿ ಇನ್ನೊಂದು ಥರ. ಬೀಜ ನೋಡಿ ಬೆಳೆ ಹೇಳಲಾಗದು. ಆದರೆ ಮಾವ ಹೇಳಿದ್ದು ಅದಲ್ಲ. ಬಿತ್ತಿದ ಮೇಲೆ ಬೀಜ ಮಣ್ಣಲ್ಲೇ ಉಳಿಯುವುದಿಲ್ಲ. ಅದರಲ್ಲಿದ್ದದ್ದು ಎಲೆ ಎಲೆಯಲ್ಲೂ ಕೂತು ತೆನೆ ಕಟ್ಟುವತನಕ ದುಡಿಯುತ್ತಿರುತ್ತದೆ.

ಆ ಬಿಪಿಟಿ ಬಾಪಟ್ಲದಿಂದ ಹೊರಬಿದ್ದ 1986ರಲ್ಲೇ, ಇಂಗ್ಲೆಂಡಿನಲ್ಲಿ ಸಿಡ್ನಿ ಬ್ರೆನ್ನರ್ ತಂಡ ಒಂದು ಮಿಲಿಮೀಟರ್ ಉದ್ದದ ಹುಳುವಿನ ನರಮಂಡಲದ ನಕ್ಷೆಯನ್ನು ಪ್ರಕಟಿಸಿತು. ಒಟ್ಟು 302 ನರಕೋಶ. ಯಾವುದು ಯಾವುದಕ್ಕೆ ಅಂಟಿದೆ ಎಂಬುದು ಅಂದಿನಿಂದ ಕೈಯಲ್ಲಿದೆ. ಆದರೂ ಆ ಹುಳು ಇನ್ನೂ ಪೂರ್ತಿಯಾಗಿ ಕಂಪ್ಯೂಟರ್ ಏರಿಲ್ಲ. ತಂತಿಗಳ ನಡುವೆ ಹರಿಯುವ ರಸಗಳು ಅದರ ಲಹರಿಯನ್ನು ಗಳಿಗೆಗೊಮ್ಮೆ ಬದಲಿಸುತ್ತವೆ, ನಕ್ಷೆಯಲ್ಲಿ ಅವು ಕಾಣುವುದಿಲ್ಲ. ನಮ್ಮ ತಲೆಯಲ್ಲೋ ಸುಮಾರು 8,600 ಕೋಟಿ ನರಕೋಶ. ಮಾವನದರಲ್ಲಿ ಅರ್ಧ ಸಿಟ್ಟಿಗೇ ಮೀಸಲೆಂದು ಅತ್ತೆಯ ಅಂದಾಜು.

ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಸಮುದ್ರದ ಗೊಂಡೆಹುಳುವಿನ ಬೆನ್ನುಬಿದ್ದು ತೋರಿಸಿದ್ದು ಇನ್ನೂ ತೊಡಕಿನದು. ಅದಕ್ಕೇ 2000ದಲ್ಲಿ ನೊಬೆಲ್ ಬಂತು. ಗಳಿಗೆಯ ನೆನಪಿಗೆ ಇದ್ದ ಜೋಡಣೆ ಸಾಕು. ಅದು ಬಹುಕಾಲ ನಿಲ್ಲಬೇಕಾದರೆ ನರಕೋಶದೊಳಗಿನ ಜೀನುಗಳು ಎಚ್ಚೆತ್ತು ಹೊಸ ಪ್ರೋಟೀನ್ ತಯಾರಿಸಬೇಕು. ಅಂದರೆ ಜೀನುಗಳು ಮೆದುಳು ಕಟ್ಟಿಕೊಟ್ಟು ಕೂಲಿ ಪಡೆದು ಹೊರಟವಲ್ಲ, ಈಗಲೂ ಕೆಲಸದಲ್ಲಿವೆ. ಜೀನುಗಳ ಅಷ್ಟೂ ಅಕ್ಷರ ನಕಲಾಗಬೇಕಿಲ್ಲ ಎಂದು ನನಗನಿಸುತ್ತದೆ, ಆದರೆ ಈ ದಿನಗೂಲಿಯ ಲೆಕ್ಕವನ್ನು ಯಾವುದಾದರೂ ರೂಪದಲ್ಲಿ ಸೇರಿಸಲೇಬೇಕು. ಇಲ್ಲದಿದ್ದರೆ ಏರಿಸಿದ ಮಾವ ಆ ತೇರಿನ ದಿನಕ್ಕೇ ನಿಂತುಬಿಡುತ್ತಾರೆ. ಹೊಸ ಮಾತು ಹಿಡಿಯದು, ಹಳೆಯದು ಬಿಡದು. (ಎಲ್ಲ ಜೀನುಗಳನ್ನೂ ಇಟ್ಟುಕೊಂಡೇ ಈ ಸ್ಥಿತಿ ಮುಟ್ಟಿದ ಹಿರಿಯರು ನಮ್ಮ ಓಣಿಯಲ್ಲಿದ್ದಾರೆ.)

ಹೀಗೆ ನಿಂತುಬಿಟ್ಟ ನಕಲಿಗೆ ನಮ್ಮ ಸೀಮೆಯಲ್ಲೇ ಉದಾಹರಣೆ ಇದೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅಕ್ಷರ ಕಲಿಯದೆ ಕಾವ್ಯಕ್ಕೆ ಕಾವ್ಯವನ್ನೇ ತಲೆಯಲ್ಲಿಟ್ಟುಕೊಂಡು ಬುರ್ರಕಥೆ ಹಾಡುತ್ತಿದ್ದ ಬುಡಗ ಜಂಗಮರ ಹೆಣ್ಣುಮಗಳು. 2014ರಲ್ಲಿ ತೀರಿಕೊಂಡರು. ಅವರು ಹಾಡಿದ್ದು ಅಚ್ಚಾಗಿದೆ, ಓದಬಹುದು. ಎದುರು ಕೂತವರು ತೂಕಡಿಸಿದರೆ ಹಾಡುಗಾರರು ಕಥೆ ಮೊಟಕು ಮಾಡುತ್ತಾರೆ, ಕಣ್ಣರಳಿಸಿದರೆ ಹಿಗ್ಗಿಸುತ್ತಾರೆ. ಪುಸ್ತಕಕ್ಕೆ ಆ ಹಿಗ್ಗು ಬರುವುದಿಲ್ಲ.

ಇಷ್ಟೆಲ್ಲ ಬಗೆಹರಿದರೂ ತಾಲ್ಲೂಕು ಕಚೇರಿ ಉಳಿಯುತ್ತದೆ. ಮರಣ ಪ್ರಮಾಣಪತ್ರವಿಲ್ಲದೆ ಗದ್ದೆ ಮಕ್ಕಳ ಹೆಸರಿಗೆ ಪೌತಿ ಖಾತೆ ಆಗದು. ಕಂಪ್ಯೂಟರಿನೊಳಗೆ ಕೂತು ಬೈಯುತ್ತಲೇ ಇರುವವರಿಗೆ ಆ ಪತ್ರ ಯಾರು ಬರೆದುಕೊಟ್ಟಾರು? ಮಾವನ ಹಿರಿಮಗ ಮೊನ್ನೆ ಬಳ್ಳಾರಿಗೆ ಬಂದಿದ್ದ. ಚಹಾ ಕುಡಿಯುವ ನೆಪದಲ್ಲಿ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ: "ಭಾವ, ಈ ಏರಸೋದು ಬರಾಕ ಇನ್ನೂ ಎಷ್ಟು ವರ್ಷ ಹಿಡಿತೈತಿ?"